ಕುಂಕುಮ ಹಚ್ಚಿದ ಗುಂಡಿ

ಅಪ್ಪಾ,

ನಿನ್ನ ಸ್ಟೂಲಿನ ಮೇಲೆ ಕೂತು, ಅಂಗಡಿಯಿಂದಲೇ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ರಿಪೇರಿ ಮಾಡಿದೆ! ಬಳ್ಳಾರಿಯಲ್ಲಿ ರೇಡಿಯೋ, ಟಿ.ವಿ. ಬಿಟ್ಟು ಬೇರೇನೂ ಬಿಚ್ಚದ ಅಂಗಡಿ ನಿನ್ನದು, ಅದರ ಹುಡುಗಿ ಕಂಪ್ಯೂಟರಿಗೆ ಕೈಹಾಕಿದಳು. ನೀನಿದ್ದಿದ್ದರೆ ಏನನ್ನುತ್ತಿದ್ದೆ?

ಮೊನ್ನೆ ಸಿರುಗುಪ್ಪದ ಟೈಪಿಂಗ್ ಮಾಸ್ತರರು ನಿನ್ನನ್ನು ಹುಡುಕಿಕೊಂಡು ಬಂದಿದ್ದರು. ನೀನು ತೀರಿಹೋದದ್ದು ಅವರಿಗೆ ಗೊತ್ತೇ ಇರಲಿಲ್ಲ. ಯಾವುದೋ ಆಫೀಸಿನವರು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರ್ ತಂದು ಟೈಪ್‌ರೈಟರುಗಳ ಸಾಲಿನಲ್ಲಿ ಕೂರಿಸಿದ್ದರಂತೆ. ಆಯುಧ ಪೂಜೆಯ ಮರುದಿನದಿಂದ ಪರದೆ ಕಪ್ಪು. "ಅಪ್ಪ ಇಲ್ಲಂದ್ರ ಇನ್ಯಾರವ್ವಾ ನೋಡೋರು?" ಎಂದರು. "ನಾ ನೋಡ್ತೀನ್ರಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಚಿಕ್ಕಪ್ಪನ ಮುಖ ನೀನು ನೋಡಬೇಕಿತ್ತು!

ಚಿಕ್ಕಪ್ಪ ಕುರುಗೋಡಿನಿಂದ ಯಾಕೆ ಬಂದಿದ್ದ ಗೊತ್ತಾ? ಅಂಗಡಿಯನ್ನು ಬಟ್ಟೆ ವ್ಯಾಪಾರಿಯೊಬ್ಬನಿಗೆ ಕೊಡಿಸಲು. "ಹೆಣ್ಣುಮಗಳು ಕುಂತ್ರ ಯಾರು ಸೆಟ್ ತರ್ತಾರ? ದೀಪಾವಳಿ ತನಕ ನೋಡೂಣು. ಆಮ್ಯಾಲ ಕೀಲಿ ನನ್ನ ಕೈಗಿ ಕೊಡು" ಎಂದಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಸೆಟ್ಟುಗಳು ಬರುತ್ತಿಲ್ಲವೆಂಬುದೂ ನಿಜವೇ ಅಲ್ಲವೇ?

ಸಿರುಗುಪ್ಪದ ಬಸ್ಸಿನಲ್ಲಿ ನಿನ್ನ ಟೂಲ್ ಡಬ್ಬಿ ನನ್ನ ತೊಡೆಯ ಮೇಲಿತ್ತು, ಚಿಕ್ಕಪ್ಪ ಪಕ್ಕದಲ್ಲಿ. ಬೈಯಬೇಡ, ಹೋದವಳೇ ಸ್ಕ್ರೂಡ್ರೈವರ್ ಹಿಡಿದೆ. ಕಂಪ್ಯೂಟರ್ ಡಬ್ಬದ ಮುಚ್ಚಳ ಬಿಚ್ಚಿದೆ, ವೈರು ಕಿತ್ತು ಮತ್ತೆ ಚುಚ್ಚಿದೆ. ಫ್ಯಾನು ತಿರುಗುತ್ತಿದೆ, ಡಬ್ಬದ ದೀಪ ಉರಿಯುತ್ತಿದೆ, ಶುರುವಾಗುವಾಗ ಕುಂಯ್ ಎಂದೂ ಅನ್ನುತ್ತಿದೆ. ವಿಭೂತಿ ಬಳಿದುಕೊಂಡ ಪರದೆ ಮಾತ್ರ ಕಪ್ಪಗೆ ಕೂತಿದೆ. "ಸಾಕು ಬಿಡವ್ವಾ, ಮಾನ ಇದ್ದಾಗ್ಲೇ ಮನಿಗಿ ಹೋಗೂಣು" ಎಂದ ಚಿಕ್ಕಪ್ಪ. ನನಗೆ ಅಳುವೇ ಬಂದುಬಿಟ್ಟಿತ್ತು, ಆಗ...

ಆಗ ನೀನು ನೆನಪಾದೆ. ನಮ್ಮ ಅಂಗಡಿಗೆ ಮೊದಲ ಟಿ.ವಿ. ಬಂದ ದಿನ ನನ್ನ ಮುಂಗೈ ಹಿಡಿದು ಗಾಜಿನ ಹತ್ತಿರ ಒಯ್ದಿದ್ದೆಯಲ್ಲ? "ಕೂದ್ಲು ಎದ್ದು ನಿಂತ್ವೇನು? ಹಂಗಂದ್ರ ಪಿಕ್ಚರ್ ಟ್ಯೂಬ್ ಬದುಕೈತಿ. ಬಿಚ್ಚಬ್ಯಾಡ, ಯಾರು ಏನು ಮುಟ್ಟ್ಯಾರ ಅಂತ ಮನಿ ಮಂದೀನ ಕೇಳು." ಕಂಪ್ಯೂಟರಿನ ಗಾಜಿನ ಹತ್ತಿರ ಕೈ ಒಯ್ದೆ. ಕೂದಲು ಎದ್ದವು, ಅಪ್ಪಾ!

"ಪೂಜಿ ಯಾರು ಮಾಡಿದ್ರಿ?" ಎಂದು ಕೇಳಿದೆ. ಮಾಸ್ತರರ ತಾಯಿ ಒಳಗಿನಿಂದ ಬಂದರು. "ನಾನ ಮಾಡೀನಿ. ಯವ್ವಾ, ನಾ ಏನೂ ಕೆಡಿಸಿಲ್ಲ. ಒಂದು ಗುಂಡೀನೂ ಬಿಡದಂಗ ಕುಂಕುಮ ಹಚ್ಚೀನಿ. ಗಾಜಿನ ಕೆಳಗ ಅಡಗಿ ಕುಂತಿತ್ತಲ್ಲ, ಆ ತಿರುಗೋ ಗುಂಡಿಗೂ ಹೊಳ್ಳಿಸಿ ಹೊಳ್ಳಿಸಿ ಹಚ್ಚೀನಿ!"

ಗಾಜಿನ ಕೆಳಗೆ ಬೆರಳಿಟ್ಟೆ, ಕೆಂಪಾಯಿತು. ಬೆಳಕು ಹೆಚ್ಚುಕಡಿಮೆ ಮಾಡುವ ಗುಂಡಿ! ಭಕ್ತಿಯಿಂದ ಅದನ್ನು ಪೂರ್ತಿ ಕಡಿಮೆಗೆ ತಿರುಗಿಸಿಬಿಟ್ಟಿದ್ದರು. ಮೆಲ್ಲಗೆ ತಿರುಗಿಸಿದೆ. ಮೂರು ವಿಭೂತಿ ಪಟ್ಟೆಗಳ ಸಂದಿಯಲ್ಲಿ ಹಸಿರು ಅಕ್ಷರ ಮೂಡಿದವು ನೋಡು... "ಶಿವನೇ, ಕಣ್ಣು ಬಿಡ್ತು!" ಎಂದು ಅಜ್ಜಿ ಕೈಮುಗಿದರು. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ.

ವಾಪಸ್ಸು ಬರುವಾಗ ಚಿಕ್ಕಪ್ಪನ ಬಾಯಿ ನಿಲ್ಲಲಿಲ್ಲ. ಕಂಡಕ್ಟರನಿಗೂ ಹೇಳಿದ, "ನಮ್ಮಣ್ಣನ ಮಗಳ್ರಿ, ಕಂಪ್ಯೂಟರ್ ರಿಪೇರಿ ಮಾಡ್ತಾಳ!" ಮನೆಗೆ ಬಂದವನೇ ಅವ್ವನ ಮುಂದೆ ನಿಂತು, "ಕೀಲಿ ಆಕಿ ಹತ್ರಾನ ಇರ್ಲಿ. ಬಟ್ಟಿ ಅಂಗಡಿಯವಗ ನಾ ಹೇಳ್ತೀನಿ" ಎಂದ.

ನೀನು ತೀರಿಹೋದ ವರ್ಷವೆಂದು ಈ ಸಲ ನಾವು ಆಯುಧ ಪೂಜೆ ಮಾಡಿರಲಿಲ್ಲ. ನಿನ್ನ ಸಾಮಾನಿನ ಮೇಲೆ ಹೊದಿಸಿದ ಬಟ್ಟೆ ಹಾಗೆಯೇ ಇತ್ತು. ಇವತ್ತು ತೆಗೆದೆ. ನಿನ್ನ ಸೋಲ್ಡರಿಂಗ್ ಕಡ್ಡಿಗೆ, ಮೀಟರಿಗೆ, ಆಮೇಲೆ ಈ ಸ್ಟೂಲಿಗೂ ವಿಭೂತಿ ಹಚ್ಚಿದೆ. ಹೆದರಬೇಡ ಅಪ್ಪಾ, ನಿನ್ನ ರೇಡಿಯೋದ ಗುಂಡಿ ಮುಟ್ಟಿಲ್ಲ. ಕೊನೆಯ ದಿನ ನೀನು ಎಲ್ಲಿಗೆ ತಿರುಗಿಸಿ ಇಟ್ಟಿದ್ದೆಯೋ ಅಲ್ಲೇ ಇದೆ.

ನಿನ್ನ ಮಗಳು