ನಲವತ್ತೊಂದು ಜೋಡಿ

ಸ್ಯಾಂಡ್‌ಲಿಕ್, ಕೆಂಟಕಿ
ಜೂನ್ 19, 2019, ಬುಧವಾರ

ಪ್ರೀತಿಯ ಹಾರ್ಲನ್,

ನೀನು, ನಿನ್ನ ಮಂಡಿ, ನಿನ್ನ ಟೆಕ್ಸಸ್ಸಿನ ಬಿಸಿಲು ಮೂರೂ ಒಂದಕ್ಕೊಂದು ಹೊಂದಿಕೊಂಡು ಸುಖವಾಗಿರಲಿ. ನಿನ್ನ ಈಸ್ಟರ್ ಕಾಗದ ಇಲ್ಲೇ ನನ್ನ ಮುಂದಿದೆ. ಅದಕ್ಕೆ ಉತ್ತರ ಬರೆದು ಹಾಕಿಯಾಯಿತು ಎಂದೇ ನಾನು ತಿಳಿದಿದ್ದೆ. ಮೊನ್ನೆ ನಮ್ಮ ಮನೆಯಾಕೆ ಇಮೋಜೀನ್, "ಪಾಪ, ಆ ಮುದುಕನಿಗೆ ಎರಡು ಸಾಲು ಗೀಚೋಕೂ ನಿನಗೆ ಕೈ ಬರಲ್ವಾ?" ಎಂದಾಗಲೇ ಬರೆದಿಲ್ಲವೆಂದು ಗೊತ್ತಾದದ್ದು. ತಪ್ಪಾಯಿತು. ಬೈಯುವುದಿದ್ದರೆ ಕಾಗದದಲ್ಲೇ ಬೈ. ಫೋನಿನಲ್ಲಿ ಬೈದರೆ ಅವಳೂ ನಿನ್ನ ಜೊತೆ ಸೇರಿಕೊಳ್ಳುತ್ತಾಳೆ.

ಇಲ್ಲಿ ಬ್ಲ್ಯಾಕ್‌ಬೆರಿ ಹಣ್ಣು ಈ ಸಲ ಬೇಗ ಬಂದಿದೆ. ಇಮೋಜೀನ್ ಹನ್ನೊಂದು ಜಾಡಿ ಜ್ಯಾಮ್ ಕಾಯಿಸಿದ್ದಾಳೆ, ನಿನ್ನದು ಎರಡು ತೆಗೆದಿಟ್ಟಿದ್ದಾಳೆ. ನಿನ್ನ ಹಳೇ ಮನೆ ಕೊಂಡವರು ಜಗಲಿಗೆ ಹಳದಿ ಬಣ್ಣ ಬಳಿದಿದ್ದಾರೆ, ನೋಡಿದರೆ ನೀನು ಅಳುತ್ತೀಯ. ಹೊಸ ಪಾದ್ರಿ ಒಳ್ಳೆಯ ಹುಡುಗನೇ, ಆದರೆ ಪ್ರಸಂಗ ಶುರು ಮಾಡಿದರೆ ನಿಲ್ಲಿಸುವುದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಇದನ್ನೆಲ್ಲ ಬರೆಯಲು ಕೂತದ್ದಲ್ಲ. ಹಾರ್ಲನ್, ಊರಿನಲ್ಲಿ ನನ್ನನ್ನು ಸುಳ್ಳ ಅನ್ನುತ್ತಿದ್ದಾರೆ. ನಾನು ಸುಳ್ಳನೋ ಅಲ್ಲವೋ ಅನ್ನುವುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಗಣಿಯ ತೂಕದ ಮನೆಯಲ್ಲಿ ಮೂವತ್ತು ವರ್ಷ ಇಬ್ಬರೂ ಕಲ್ಲಿದ್ದಲ ಲಾರಿ ತೂಗಿದೆವು. ನನ್ನ ಚೀಟಿಯ ಮೇಲೆ ಮಾಲೀಕರೂ ಮರು ಮಾತಾಡಲಿಲ್ಲ, ಚಾಲಕರೂ ಮಾತಾಡಲಿಲ್ಲ.

ಮಾರ್ಟಿನ್ ಹಕ್ಕಿಗಳ ವಿಷಯ ಇದು. ನೀನೇ ಹಚ್ಚಿದ ಹುಚ್ಚು. ನೀನು ಕೊಟ್ಟ ಆರು ಒಣ ಸೋರೆಬುರುಡೆಗಳನ್ನು ಹಿತ್ತಲ ಕಂಬಕ್ಕೆ ತೂಗುಹಾಕಿದ ವರ್ಷ ಬ್ರೆಜಿಲಿನಿಂದ ಬಂದು ಗೂಡು ಕಟ್ಟಿದ್ದು ಎರಡೇ ಜೋಡಿ. ಮರುವರ್ಷ ಐದು, ಆಮೇಲೆ ಒಂಬತ್ತು, ಹದಿನಾಲ್ಕು. ಗೂಬೆ ಕಾಟದ ವರ್ಷ ಹನ್ನೊಂದಕ್ಕೆ ಇಳಿಯಿತು, ಮತ್ತೆ ಏರಿತು. ಎರಡು ವರ್ಷದ ಹಿಂದೆ ಇಪ್ಪತ್ಮೂರು. ಹೋದ ವರ್ಷ ಇಪ್ಪತ್ತೊಂಬತ್ತು. ಈ ವರ್ಷ ನಲವತ್ತೊಂದು. ಇಪ್ಪತ್ತೇಳು ವರ್ಷದ ಲೆಕ್ಕ ಒಂದೇ ಪುಸ್ತಕದಲ್ಲಿದೆ, ಒಂದು ಕಡೆಯೂ ಗೀಟು ಹಾಕಿ ತಿದ್ದಿದ್ದಿಲ್ಲ.

ಈ ಏಪ್ರಿಲ್‌ನಲ್ಲಿ ನಾಲ್ಕು ದಿನ ಹಿಮ ಬೆರೆತ ಮಳೆ ಹೊಡೆಯಿತು. ಗಾಳಿಯಲ್ಲಿ ಒಂದು ಹುಳ ಇಲ್ಲ, ಹಾರುವ ಹುಳ ಬಿಟ್ಟು ಇವು ಬೇರೇನೂ ಮುಟ್ಟುವುದಿಲ್ಲ. ಬೇಯಿಸಿದ ಮೊಟ್ಟೆಯ ಚೂರುಗಳನ್ನು ಚಮಚದಲ್ಲಿ ಮೇಲಕ್ಕೆ ಚಿಮ್ಮಿಸಿ ಚಿಮ್ಮಿಸಿ ನನ್ನ ತೋಳು ಬಿದ್ದುಹೋಯಿತು. ಹುಳವೆಂದುಕೊಂಡು ಹಿಡಿದವು ಉಳಿದವು, ಹಿಡಿಯದವು ಬುರುಡೆಯೊಳಗೇ ಮುದುಡಿ ಸತ್ತವು. ಎಲ್ಲರ ಹಿತ್ತಲಲ್ಲೂ ಇದೇ ಕಥೆ.

ಜೂನ್ ಮೊದಲ ಶನಿವಾರ ಚರ್ಚಿನ ನೆಲಮಾಳಿಗೆಯಲ್ಲಿ ಮಾರ್ಟಿನ್ ಸಾಕುವವರೆಲ್ಲ ಎಂದಿನಂತೆ ಸೇರಿದೆವು. ಬೀನ್ಸು, ಜೋಳದ ಬ್ರೆಡ್ಡು ತಿಂದಾದ ಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಹಿತ್ತಲಿನ ಸಂಖ್ಯೆ ಹೇಳುವುದು, ಟ್ವೈಲಾ ಬರೆದುಕೊಳ್ಳುವುದು. ನಮ್ಮ ಜೊತೆ ತೂಕದ ಮನೆಯಲ್ಲಿದ್ದ ಬೋಗ್ಸ್‌ನ ಮಗಳು ಟ್ವೈಲಾ, ಈಗ ಜಿಲ್ಲೆಯ ಎಣಿಕೆಯೆಲ್ಲ ಅವಳದೇ. ಓರ್ವಲ್ ಹನ್ನೆರಡರಿಂದ ಐದಕ್ಕೆ ಇಳಿದಿದ್ದ. ಟ್ವೈಲಾ ಇಪ್ಪತ್ತರಿಂದ ಒಂಬತ್ತಕ್ಕೆ. ನಾನು ಎದ್ದು, "ನಲವತ್ತೊಂದು" ಎಂದೆ.

ಮೊದಲು ಬಾಯಿಬಿಟ್ಟವನು ಓರ್ವಲ್: "ನಿನ್ನ ಹಕ್ಕಿಗಳಿಗೆ ಸ್ವೆಟರ್ ಹೆಣೆದು ಹಾಕಿದ್ಯೇನೋ ಆಲ್ವಿನ್?" ಎಲ್ಲರೂ ನಕ್ಕರು, ನಾನೂ ನಕ್ಕೆ. ಟ್ವೈಲಾ ಮಾತ್ರ ನಗದೆ, ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮರುದಿನ ಚರ್ಚು ಮುಗಿಸಿ ಒಂದು ಬಟ್ಟಲು ಬೀನ್ಸು ಹಿಡಿದು ಮನೆಗೇ ಬಂದಳು. "ಮಿಸ್ಟರ್ ಆಲ್ವಿನ್, ಬೇಜಾರು ಮಾಡ್ಕೋಬೇಡಿ. ನಲವತ್ತೊಂದು ಅಂದ್ರೆ ಜಿಲ್ಲೇಲಿ ಯಾರಿಗೂ ಇಲ್ಲ. ನಾನೊಂದ್ಸಲ ಕಣ್ಣಾರೆ ನೋಡ್ಲಾ?" ಎಂದಳು. ನೋಡಮ್ಮ, ಧಾರಾಳವಾಗಿ ನೋಡು ಎಂದೆ. ನಾನೇ ಕಂಬದ ರಾಟೆಯ ಹಿಡಿಕೆ ತಿರುಗಿಸಿ ಮೂರು ಕಂಬದ ಬುರುಡೆಗಳನ್ನೂ ಒಂದೊಂದಾಗಿ ಇಳಿಸಿಕೊಟ್ಟೆ. ಅವಳು ಪ್ರತಿಯೊಂದರ ಪಕ್ಕದ ಮುಚ್ಚಳ ತಿರುಗಿಸಿ ಇಣುಕಿ ನೋಡಿ ಮತ್ತೆ ಮುಚ್ಚಿದಳು. ಮುಗಿದ ಮೇಲೆ, "ಹದಿನೇಳು ಗೂಡು, ಮಿಸ್ಟರ್ ಆಲ್ವಿನ್" ಎಂದಳು.

ರಕೂನ್ ಬಂದಿರಬೇಕು ಎಂದೆ. ಇಲ್ಲ, ಗೂಬೆ ಇರಬೇಕು, ಮೂರೇ ದಿನದಲ್ಲಿ ಎಲ್ಲ ಬಳಿದುಕೊಂಡು ಹೋಗಿದೆ ಎಂದೆ. ಅವಳು ತುಂಬಾ ಮೆತ್ತಗೆ ಹೇಳಿದಳು: "ಮಿಸ್ಟರ್ ಆಲ್ವಿನ್, ಬುರುಡೆ ಇರೋದೇ ಮೂವತ್ತು."

ಹಾರ್ಲನ್, ಒಂದು ಕಂಬಕ್ಕೆ ಹತ್ತರಂತೆ ಮೂವತ್ತು. ನಾನೇ ಬಿಳಿ ಬಣ್ಣ ಬಳಿದು, ಕಪ್ಪು ಬಣ್ಣದಲ್ಲಿ ಒಂದರಿಂದ ಮೂವತ್ತರವರೆಗೆ ಅಂಕಿ ಬರೆದವನು. ಒಂದು ಬುರುಡೆಗೆ ಒಂದೇ ಜೋಡಿ, ಇನ್ನೊಂದು ಬಂದರೆ ಕುಕ್ಕಿ ಓಡಿಸುತ್ತವೆ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಮೂವತ್ತರಲ್ಲಿ ನಲವತ್ತೊಂದು ಹಿಡಿಸುವುದಿಲ್ಲ ಅನ್ನುವುದು ನನಗೆ ಬರೆಯುವಾಗ ಹೊಳೆಯಲಿಲ್ಲ, ಅಷ್ಟು ಜನರ ಮುಂದೆ ಎದೆಯುಬ್ಬಿಸಿ ಹೇಳುವಾಗಲೂ ಹೊಳೆಯಲಿಲ್ಲ. ಅವಳು ಹೇಳಿದ ಮೇಲೂ ಒಂದು ಕ್ಷಣ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೇ ನೋಡುತ್ತಿದ್ದೆ. ಹೊಳೆದಾಗ ವಿಪರೀತ ಸಿಟ್ಟು ಬಂತು. "ನಿಮ್ಮಪ್ಪನಿಗೆ ಕೂಡೋದು ಕಳೆಯೋದು ಕಲಿಸಿದ್ದೇ ನಾನು. ನನಗೆ ಲೆಕ್ಕ ಹೇಳ್ಕೊಡೋಕೆ ಬರಬೇಡ, ನಡಿ ಇಲ್ಲಿಂದ" ಎಂದುಬಿಟ್ಟೆ. ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಹೋದಳು.

ಊರಿಗೆ ಸುದ್ದಿ ಹಬ್ಬಲು ಎರಡು ದಿನ ಸಾಕಾಯಿತು. ಹಾರ್ಡ್‌ವೇರ್ ಅಂಗಡಿಗೆ ಮೊಳೆ ತರಲು ಹೋದರೆ, "ಆಲ್ವಿನ್ ಮನೇಲಿ ಬುರುಡೆಗೆ ಬರ ಇಲ್ಲ ಬಿಡಪ್ಪ" ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಾನೆ, ನಾನು ಅಲ್ಲೇ ನಿಂತಿದ್ದೇನೆ. ಈ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಖಾಲಿ ಬಿಡುತ್ತೇನೆಂದು ಟ್ವೈಲಾ ಇಮೋಜೀನ್‌ಗೆ ಫೋನ್ ಮಾಡಿ ಹೇಳಿದಳು. ಇಪ್ಪತ್ತೇಳು ವರ್ಷದಲ್ಲಿ ಖಾಲಿ ಬಿಟ್ಟದ್ದಿಲ್ಲ. ನೀನೊಂದು ಕಾಗದ ಬರೆದುಕೊಡಬೇಕು, ಆಲ್ವಿನ್ ಗ್ರೇಡಿ ತಪ್ಪು ಮಾಡಿರಬಹುದು ಆದರೆ ಬೇಕೆಂದು ಸುಳ್ಳು ಸಂಖ್ಯೆ ಬರೆಯುವವನಲ್ಲ ಎಂದು. ಹೀಗೆ ಕೇಳಿಕೊಳ್ಳೋಣವೆಂದೇ ಸೋಮವಾರ ಮಧ್ಯಾಹ್ನ ಪುಸ್ತಕ ತೆಗೆದು ಅಡುಗೆಮನೆಯ ಮೇಜಿನ ಮುಂದೆ ಕೂತೆ. ಇಮೋಜೀನ್ ಎದುರಿಗೆ ಕೂತು ಹಣ್ಣಿನ ತೊಟ್ಟು ಬಿಡಿಸುತ್ತಿದ್ದಳು. ನಾನು ಹಾಳೆ ಮಗುಚುತ್ತಿದ್ದುದನ್ನು ನೋಡಿ ಕೈ ಒರೆಸಿಕೊಂಡು, "ಕೊಡು ಇಲ್ಲಿ" ಎಂದಳು. ಹುಡುಕಲಿಲ್ಲ. ಸೀದಾ ಮೇ ಮೂವತ್ತನೇ ತಾರೀಕಿಗೆ ತೆರೆದು ನನ್ನ ಕಡೆ ತಿರುಗಿಸಿದಳು.

ಒಂದನೇ ಬುರುಡೆ, ನಾಲ್ಕು ಮರಿ. ಮೂರನೆಯದು, ಐದು ಮರಿ. ಹೀಗೆ ಹದಿನೇಳು ಗೂಡು. ಪುಟ ಮಗುಚಿದರೆ ಮತ್ತೆ ಅದೇ ತಾರೀಕು. ಒಂದನೇ ಬುರುಡೆ, ನಾಲ್ಕು ಮರಿ. ಮೂರನೆಯದು, ಐದು ಮರಿ. ಮತ್ತೆ ಹದಿನೇಳು. ಇನ್ನೊಂದು ಪುಟದಲ್ಲಿ ಮತ್ತೆ ಒಂದನೇ ಬುರುಡೆಯಿಂದ ಶುರುವಾಗಿ ಏಳು ಗೂಡಿಗೆ ನಿಂತಿದೆ. ಕೆಳಗೆ ನಾನೇ ಮೂರನ್ನೂ ಕೂಡಿ ನಲವತ್ತೊಂದು ಎಂದು ಎರಡು ಗೆರೆ ಎಳೆದಿದ್ದೇನೆ. ಕೂಡಿದ್ದು ಸರಿಯಾಗಿದೆ, ಹಾರ್ಲನ್. ಒಂದೂ ತಪ್ಪಿಲ್ಲ.

"ಮೂರನೇ ಸಲ ಏಳಕ್ಕೇ ಯಾಕೆ ನಿಂತಿದೆ?" ಎಂದು ಕೇಳಿದೆ. ಬೇರೇನು ಕೇಳಬೇಕೆಂದು ತೋಚಲಿಲ್ಲ.

"ಊಟಕ್ಕೆ ಬಾ ಅಂತ ಕೂಗಿದ್ನಲ್ಲ" ಎಂದಳು.

"ಹಾಗಾದ್ರೆ ನಾನು ಮೂರು ಸಲ ಇಳಿಸಿದ್ದನ್ನ ನೀನು ನೋಡಿದ್ಯಾ?"

"ಕಿಟಕಿ ಇಲ್ಲೇ ಇದ್ಯಲ್ಲ, ಆಲ್ವಿನ್."

"ನೋಡಿದವಳು ಹೇಳಬಾರದಿತ್ತಾ?"

ಅವಳು ಹಣ್ಣಿನ ಪಾತ್ರೆ ತೊಳೆಯಲು ಎದ್ದಳು. ಹೋದ ವರ್ಷದ ಪುಟವನ್ನು ನಾನೇ ತೆಗೆದೆ. ಇಪ್ಪತ್ನಾಲ್ಕು, ಅದರ ಕೆಳಗೆ ಇನ್ನೊಮ್ಮೆ ಶುರು ಮಾಡಿ ಐದು.

ನನಗೆ ನೆನಪಿರುವುದು ಒಂದೇ ಸಲ. ಬೆಳಿಗ್ಗೆ, ಹುಲ್ಲಿನ ಮೇಲೆ ಇಬ್ಬನಿ ಇತ್ತು, ಬೂಟು ನೆನೆದಿತ್ತು. ಉಳಿದ ಎರಡು ಸಲ ಬರೆದವನು ಯಾರು? ಕೈಬರಹ ನನ್ನದು, ಏಳರ ಅಂಕಿಗೆ ಅಡ್ಡಗೆರೆ ಹಾಕುವ ಚಟವೂ ನನ್ನದೇ. ಪ್ರತಿ ಸಲವೂ ಅದೇ ಮೊದಲ ಸಲವೆಂದು ಖುಷಿಯಿಂದ ಮರಿ ಎಣಿಸಿದ್ದೇನೆ ಅನ್ನಿಸುತ್ತದೆ, ಯಾಕೆಂದರೆ "ಕೊಬ್ಬಿದ ಮರಿಗಳು, ಭೇಷ್" ಎಂದು ಮೂರು ಕಡೆಯೂ ಬರೆದಿದ್ದೇನೆ. ಈ ಊರಿನವರು ಅಂದಂತೆ ನಾನು ಸುಳ್ಳನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಸುಳ್ಳನಿಗೆ ನಿಜ ಯಾವುದೆಂದಾದರೂ ಗೊತ್ತಿರುತ್ತದೆ. ನನಗೆ ಭಯವಾಗುತ್ತಿದೆ, ಇದನ್ನು ನಿನ್ನೊಬ್ಬನಿಗೆ ಹೇಳುತ್ತಿದ್ದೇನೆ.

ನಿನ್ನೆ ಟ್ವೈಲಾಳ ಮನೆಗೆ ಹೋಗಿ ಬಟ್ಟಲು ವಾಪಸು ಕೊಟ್ಟೆ. ಬಾಗಿಲಲ್ಲೇ ನಿಂತು ತಪ್ಪಾಯ್ತು ಎಂದೆ, ಪುಸ್ತಕದ ಮೂರು ಪುಟ ತೋರಿಸಿದೆ. ಅವಳು ಓದಿದಳು, ಮುಖದ ಬಣ್ಣ ಇಳಿದುಹೋಯಿತು. "ಖಾಲಿ ಬಿಡಲ್ಲ ಮಿಸ್ಟರ್ ಆಲ್ವಿನ್, ಹದಿನೇಳು ಅಂತ ಹಾಕ್ತೀನಿ. ಮುಂದಿನ ವರ್ಷ ಇಬ್ಬರೂ ಸೇರ್ಕೊಂಡು ಎಣಿಸೋಣ, ನನಗೂ ಒಬ್ಬಳೇ ಬೇಜಾರು" ಎಂದಳು. ಆಮೇಲೆ ತಡವರಿಸುತ್ತಾ, ಹಿಂದಿನ ವರ್ಷಗಳದ್ದು ಎಲ್ಲಿಂದ ಸರಿ ಎಂದುಕೊಳ್ಳಲಿ ಎಂದು ಕೇಳಿದಳು. ನಾನು ಏನು ಹೇಳಲಿ? ಒಂದೇ ಸಲ ಬರೆದ ಪುಟಗಳೂ ನಿಜವೋ, ನೋಡದೆಯೇ ಬರೆದೆನೋ, ನನಗೆ ಗೊತ್ತಿಲ್ಲ. ಗೂಬೆ ಕಾಟದ ವರ್ಷ ನೀನು ಇಲ್ಲೇ ಇದ್ದೆ. ಅವತ್ತು ಹನ್ನೊಂದೇ ಇತ್ತಲ್ಲವೇ? ನೀನು ಹೌದು ಎಂದರೆ ಅಲ್ಲಿಯವರೆಗಾದರೂ ಗಟ್ಟಿ ಎಂದುಕೊಳ್ಳುತ್ತೇನೆ. ಇದಕ್ಕೆ ಮಾತ್ರ ಬೇಗ ಉತ್ತರ ಬರೆ.

ಮರಿಗಳು ಬುರುಡೆಯ ಬಾಯಿಗೆ ಬಂದು ಕೂರುತ್ತಿವೆ, ಇನ್ನೊಂದು ವಾರದಲ್ಲಿ ಹಾರುತ್ತವೆ. ನಿನ್ನ ಮಂಡಿಗೆ ಎಣ್ಣೆ ಹಚ್ಚಿ ತಿಕ್ಕಿಸಿಕೊ, ಡಾಕ್ಟರ ಮಾತು ಸ್ವಲ್ಪ ಕೇಳು. ದೇವರು ನಿನಗೆ ಆಯಸ್ಸು ಕೊಡಲಿ, ಆಯಸ್ಸಿನ ಜೊತೆ ತಲೆಯನ್ನೂ ನೆಟ್ಟಗಿಟ್ಟಿರಲಿ.

ನಿನ್ನ ಹಳೆಯ ಗೆಳೆಯ,
ಆಲ್ವಿನ್ ಗ್ರೇಡಿ

ಮರೆತ ಮಾತು: ಮರೆತದ್ದಲ್ಲ, ಕೇಳಲು ಬಾಯಿ ಬಂದಿರಲಿಲ್ಲ. ಲಕೋಟೆಗೆ ಹಾಕಿದ ಕಾಗದ ಮತ್ತೆ ತೆಗೆದಿದ್ದೇನೆ. ಈಗ ಇಮೋಜೀನ್‌ಳನ್ನು ಕೂರಿಸಿಕೊಂಡು, ನಿನಗೆ ಇದು ಯಾವಾಗಿಂದ ಗೊತ್ತು ಎಂದು ಕೇಳಿದೆ. ಅವಳು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದು ಮುಂದಿಟ್ಟಳು. ಅದರ ತುಂಬ ಇನ್ಸುಲಿನ್ ಸೂಜಿ. ಅವಳಿಗೆ ಸೂಜಿ ಕಂಡರೆ ಆಗದು, ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಅವಳ ತೋಳಿಗೆ ಚುಚ್ಚುತ್ತಿದ್ದವನು ನಾನು. ಡಾಕ್ಟರು ಸೂಜಿ ಬಿಡಿಸಿ ಮಾತ್ರೆ ಕೊಟ್ಟರು ಎಂದು ಫೆಬ್ರವರಿಯಲ್ಲಿ ಹೇಳಿದಳು, ನಾನು ನಂಬಿದೆ. ಅವಳು ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದಮೇಲಿನ ಮಾತು ಅದು. "ನಾನು ಬಿದ್ದ ದಿನ ನೀನು ಎರಡು ಸಲ ಚುಚ್ಚಿದೆ ಆಲ್ವಿನ್. ಈಗಷ್ಟೇ ಆಯ್ತಲ್ಲೋ ಅಂದೆ. ಇಲ್ಲ, ನಾನು ಈಗ ತಾನೇ ಎದ್ದೆ ಅಂದೆ ನೀನು. ಎಷ್ಟು ಗಟ್ಟಿಯಾಗಿ ಹೇಳಿದೆ ಅಂದ್ರೆ ನನಗೇ ಅನುಮಾನ ಬಂತು, ತೋಳು ಕೊಟ್ಟೆ" ಎಂದಳು. ಹಾರ್ಲನ್, ಸರಿಯಾಗಿ ಊಟ ಮಾಡದೆ ಬಿದ್ದಳು, ಹೇಳಿದ ಮಾತು ಕೇಳುವ ಹೆಂಗಸಲ್ಲ ಎಂದು ನಾನು ಚರ್ಚಿನವರಿಗೆಲ್ಲ ಹೇಳಿದ್ದೆ, ನಿನಗೂ ಫೋನಿನಲ್ಲಿ ಹೇಳಿದ್ದೆ. ಅವಳು ಪಕ್ಕದಲ್ಲೇ ನಿಂತು ಹೌದು, ನನ್ನದೇ ತಪ್ಪು ಎಂದಳು. ಆವತ್ತಿನಿಂದ ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಸದ್ದು ಕೇಳದಿರಲೆಂದು ನಲ್ಲಿ ಬಿಟ್ಟು, ತಾನೇ ಚುಚ್ಚಿಕೊಳ್ಳುತ್ತಿದ್ದಾಳೆ. ನೀರು ಸುಮ್ಮನೆ ಹೋಗುತ್ತಿದೆ, ಒಳಗೆ ಅಷ್ಟು ಹೊತ್ತು ಏನು ಮಾಡುತ್ತೀಯೆಂದು ನಾನು ದಿನಾ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೆ.