ಮಹಡಿಯ ಮನೆಗೆ ಕೊಟ್ಟ ನೋಟಿಸಿನ ಬಗ್ಗೆ

ಮಾಲೀಕರಿಗೆ ನಮಸ್ಕಾರ.

ಕೆಳಮನೆಯ ಬಾಡಿಗೆದಾರಳು ಬರೆಯುತ್ತಿದ್ದೇನೆ. ಮಹಡಿಯ ಟೈಲರಮ್ಮನಿಗೆ ಮನೆ ಬಿಡುವಂತೆ ನೀವು ಕೊಟ್ಟಿರುವ ನೋಟಿಸನ್ನು ದಯವಿಟ್ಟು ಹಿಂದಕ್ಕೆ ಪಡೆಯಿರಿ. ಅವರ ಹೊಲಿಗೆ ಯಂತ್ರದ ಕೀರಲು ಸದ್ದಿನಿಂದ ನನಗೆ ನಿದ್ದೆಯಿಲ್ಲವೆಂದು ನಾನು ಮೂರು ಸಲ ಕೊಟ್ಟ ದೂರು ತಪ್ಪು.

ಜಗಳಕ್ಕೆ ಹೋದಾಗ ಅವರು, "ಅಕ್ಕಾ, ನಾನು ಆರು ಗಂಟೆಗೇ ಮಷೀನು ಮುಚ್ಚಿಡ್ತೀನಿ. ಆಮೇಲೆ ಹೊಲಿಯೋದು ದೆವ್ವ ಇರಬೇಕು, ಅದಕ್ಕೇ ಹೇಳಿ," ಎಂದಿದ್ದರು. ಅದನ್ನು ಉದ್ಧಟತನವೆಂದು ನಿಮ್ಮ ಕಿವಿಗೆ ಹಾಕಿದವಳೂ ನಾನೇ. ಸೋಮವಾರ ಅವರು ಯಂತ್ರವನ್ನು ತಂಗಿಯ ಮನೆಗೆ ಸಾಗಿಸಿದರು. ಸದ್ದು ಮಾತ್ರ ಇಲ್ಲೇ ಉಳಿಯಿತು.

ಮರುದಿನವೇ ಕಿವಿಯ ವೈದ್ಯರಲ್ಲಿಗೆ ಹೋದೆ. ಇಪ್ಪತ್ತು ವರ್ಷ ಮುದ್ರಣಾಲಯದಲ್ಲಿ ಯಂತ್ರದ ಪಕ್ಕ ಕೂತು ಕರಡು ತಿದ್ದಿದ್ದರಿಂದ ಎತ್ತರದ ಸ್ವರಗಳು ನನ್ನ ಕಿವಿಗೆ ಸರಿಯಾಗಿ ತಲುಪುತ್ತಿಲ್ಲವಂತೆ. "ಕಿವಿ ಬಿಟ್ಟಿದ್ದನ್ನ ಮಿದುಳು ತಾನೇ ತುಂಬಿಸ್ಕೋತಿದೆ. ಸದ್ದನ್ನ ಅಳಿಸೋಕಾಗಲ್ಲ. ಅದರ ಕಡೆ ಗಮನ ಕೊಡದೆ ಇರೋದನ್ನ ಮಿದುಳಿಗೆ ಕಲಿಸಬಹುದು," ಎಂದರು. ಶ್ರವಣಯಂತ್ರ ಬರೆದುಕೊಟ್ಟಿದ್ದಾರೆ. ತಿಂಗಳುಗಟ್ಟಲೆ ಅಭ್ಯಾಸವೂ ಬೇಕು. ನಿಶ್ಶಬ್ದದಲ್ಲಿ ಮಲಗಬಾರದು, ಫ್ಯಾನಾದರೂ ತಿರುಗುತ್ತಿರಲಿ ಎಂದಿದ್ದಾರೆ.

ಇದನ್ನೆಲ್ಲ ಟೈಲರಮ್ಮನಿಗೆ ಹೇಳಲು ಎರಡು ಬಾರಿ ಮೆಟ್ಟಿಲು ಹತ್ತಿ, ಬಾಗಿಲು ತಟ್ಟದೆ ಇಳಿದು ಬಂದೆ. ಮೇಲಿನ ಮನೆಯನ್ನು ಆಗಲೇ ಬೇರೆಯವರಿಗೆ ಕೊಡಲು ಒಪ್ಪಿದ್ದರೆ ಆ ಹೊಸಬರಿಗೆ ನನ್ನ ಮನೆ ಕೊಡಿ. ಶನಿವಾರದೊಳಗೆ ಖಾಲಿ ಮಾಡುತ್ತೇನೆ. ಟೈಲರಮ್ಮನ ಗಿರಾಕಿಗಳು ಹುಡುಕಿಕೊಂಡು ಬರುವುದು ಈ ವಿಳಾಸಕ್ಕೆ. ನನ್ನ ಸದ್ದಾದರೋ, ಯಾವ ಮನೆಗೆ ಹೋದರೂ ಜೊತೆಗೇ ಬರುತ್ತದೆ.

ಇಂತಿ,
ಕೆಳಮನೆಯವಳು