ನೆಟ್ಟಾಳ ಸೂರು, ನಮ್ಮ ನೆಲ

ನವೆಂಬರ್ 4, ಮಂಗಳವಾರ

ಮೆಟ್ಟಿಲು ತೊಳೆಯೋ ಸರದಿ ನಂದು. ತೊಳೆದೆ. ಕೆಳಗಿನ ಮನೆ ನೆಟ್ಟಾ ಬಾಗಿಲು ತೆಗೆದು, "ಮೂಲೆಗೆ ನೀರು ತಾಗಲಿಲ್ಲ ಇಶ್‌ಬೆಲ್" ಅಂದ್ಲು. ವರ್ಷಗಳಿಂದ ಅದೇ ಮೂಲೆ. ಬಕೆಟ್ ಎತ್ಕೊಂಡೆ.

ಮೇಲೆ ಬಂದು ಟೀ ಹಾಕ್ಕೊಂಡು ಬ್ಯಾಂಕಿನ ಕಾಗದ ನೋಡಿದೆ. ಕರೆಂಟ್ ಕಂಪನಿ ಡೈರೆಕ್ಟ್ ಡೆಬಿಟ್‌ನಲ್ಲಿ 164 ಪೌಂಡ್ ಎಳೆದಿದೆ. ಹೋದ ತಿಂಗಳು 92. ಕೇಳಿಲ್ಲ, ಹೇಳಿಲ್ಲ — ನಮ್ಮ ಖಾತೆಗೆ ಕೈ ಹಾಕಿ ಬಾಚ್ಕೊಂಡಿದಾರೆ. ಟ್ಯಾಮ್‌ಗೆ ತೋರಿಸಿದೆ. "ಅವರ ಕನ್ನಡಕ ಕಳೆದೋಗಿರ್ಬೇಕು ಕಣೇ" ಅಂದ. ನಗು, ಕೆಮ್ಮು ಎರಡೂ ಒಟ್ಟಿಗೇ ಬಂತು ಅವನಿಗೆ. ಹಡಗಿನ ಯಾರ್ಡ್‌ನಲ್ಲಿ ಇಡೀ ಆಯುಷ್ಯ ವೆಲ್ಡಿಂಗ್ ಮಾಡಿದ್ದಕ್ಕೆ ನನ್ನ ಗಂಡನಿಗೆ ಸಿಕ್ಕ ಬಹುಮಾನ ಆ ಕೆಮ್ಮು.

ಫೋನ್ ಮಾಡಿದೆ. ಕಾಯಿರಿ ಅಂತ ಹಾಡು... ಹಾಡು... ಟೀ ಆರಿತು. ಕೊನೆಗೆ ಯಾರೋ ಒಬ್ಬ: "ನಿಮ್ಮ ಬಳಕೆ ಜಾಸ್ತಿಯಾಗಿದೆ ಮೇಡಂ." ಯಾರ ಬಳಕೆ? ಎರಡು ಜೀವ, ಒಂದು ಟೀವಿ. ಸರಿ, ಕಡಿಮೆ ಮಾಡಿ ತೋರಿಸ್ತೀನಿ. ನಾನಾ ಅವರಾ ನೋಡೇಬಿಡೋಣ.

ನವೆಂಬರ್ 9

ಹಿಂದಿನ ರೂಮಿನ ಹೀಟರ್ ಆಫ್. ಮುಂದಿನದು ಸಂಜೆ ಮಾತ್ರ. ಕೆಟಲ್ ದಿನಕ್ಕೊಂದು ಸಲ, ಮಿಕ್ಕಿದ್ದು ಫ್ಲಾಸ್ಕ್. ಓವನ್ ಮುಟ್ಟಲ್ಲ.

"ಜೈಲಲ್ಲಾದ್ರೂ ಬೆಚ್ಚಗಿರುತ್ತೆ. ಊಟಾನೂ ಹಾಕ್ತಾರೆ" — ಟ್ಯಾಮ್. ಬರಿಗಾಲಲ್ಲಿ ಕೂತಿದ್ದ. ಬೈಯೋಕೆ ಹೋದೆ. "ನೆಲ ಮುಟ್ಟಿ ನೋಡು ಮೊದ್ಲು." ಮುಟ್ಟಿದೆ. ಬೆಚ್ಚಗಿತ್ತು! ಕೆಳಗೆ ನೆಟ್ಟಾ ಹೀಟರ್‌ಗಳನ್ನ ಹಗಲೂ ರಾತ್ರಿ ಉರಿಸ್ತಾಳೆ. ಅವಳ ಸೂರಿನ ಕಾವು ನಮ್ಮ ನೆಲದ ಹಲಗೆಗೆ ಏರುತ್ತೆ. ಈ ಚಳೀಲಿ ತೋಳಿಲ್ಲದ ಬ್ಲೌಸು ಹಾಕ್ಕೊಂಡು ಓಡಾಡ್ತಾಳೆ, ಮಹಾರಾಣಿ.

ಕಸದ ಡಬ್ಬಿ ಹತ್ರ ಸಿಕ್ಕಳು. ಬಾಯಿ ತಡೀಲಿಲ್ಲ, ಕೇಳಿಯೇಬಿಟ್ಟೆ — ಅಷ್ಟು ಉರಿಸ್ತೀಯಲ್ಲ, ಹೆಂಗೆ ಕಟ್ತೀಯೆ? "ಈ ವರ್ಷ ನನ್ನ ಬಿಲ್ಲು ಎರಡು ಸಲ ಇಳಿದಿದೆ. ಮನೆ ನಡೆಸೋ ಜಾಣತನ ಬೇಕು ಇಶ್‌ಬೆಲ್." ಮೈಯೆಲ್ಲ ಉರಿದುಹೋಯ್ತು. ಒಂದು ಥರ ಒಳ್ಳೇದೇ ಆಯ್ತು, ಸಂಜೆವರೆಗೂ ಚಳಿ ಆಗ್ಲಿಲ್ಲ.

ಡಿಸೆಂಬರ್ 2

231 ಪೌಂಡ್!

ಮತ್ತೆ ಫೋನ್. ಮತ್ತೆ ಹಾಡು. ಈ ಸಲ ಒಬ್ಬಳು: "ಬಳಕೆ ಇನ್ನೂ ಜಾಸ್ತಿಯಾಗಿದೆ. ಮನೇಲಿ ಯಾರಾದ್ರೂ ನೆಂಟರು ಬಂದಿದಾರಾ?"

"ನೋಡಮ್ಮ, ನಾನು ಗಂಡನಿಗೆ ಕೋಟು ತೊಡಿಸಿ ಮಲಗಿಸ್ತಿದೀನಿ. ನೆಂಟರು ಬಂದ್ರೂ ಚಳಿಗೆ ಓಡಿಹೋಗ್ತಾರೆ."

"ಮೀಟರ್ ಸುಳ್ಳು ಹೇಳಲ್ಲ ಮೇಡಂ."

ಅಂದ್ರೆ ಸುಳ್ಳು ಹೇಳೋಳು ನಾನು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು. ಡೈರೆಕ್ಟ್ ಡೆಬಿಟ್ ರದ್ದು ಮಾಡಿಬಿಡು ಅಂತಾಳೆ ತಂಗಿ. ಮಾಡಲ್ಲ. ಈ ಮನೆಯೋರು ಬಾಕಿ ಉಳಿಸಿಕೊಂಡವರಲ್ಲ. ಆದ್ರೆ ಉಣ್ಣದ ಊಟಕ್ಕೆ ಕಾಸು ಕೊಡೋಳೂ ನಾನಲ್ಲ.

ಡಿಸೆಂಬರ್ 11

ಬರೆಯೋಕೆ ಆಗಿರ್ಲಿಲ್ಲ. ಟ್ಯಾಮ್ ಆಸ್ಪತ್ರೇಲಿದ್ದ. ಎದೆ ಕಟ್ಟಿತ್ತು. ಇವತ್ತು ಮನೆಗೆ ಬಂದ. ಡಾಕ್ಟರು ನನ್ನ ಕಡೆ ತಿರುಗಿ, "ರೂಮು ಬೆಚ್ಚಗಿರಬೇಕು. ಇನ್ನೊಂದು ಸಲ ಹೀಗಾದ್ರೆ ಕಷ್ಟ" ಅಂದ್ರು. ಏನು ಕಷ್ಟ ಅಂತ ಬಿಡಿಸಿ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಭಯ ಆಯ್ತು.

ಎರಡೂ ಹೀಟರ್ ಹಾಕಿದೀನಿ. ಎಳ್ಕೊಳ್ಳಲಿ. ಸಾಯೋವರೆಗೂ ಕಂಪನಿಯೋರು ದುಡ್ಡು ಎಳ್ಕೊಳ್ಳಲಿ.

ಡಿಸೆಂಬರ್ 13

ಟ್ಯಾಮ್ ಮಲಗಿದಲ್ಲಿಂದಲೇ ಹೇಳಿದ. "ಹಡಗಲ್ಲಿ ಯಾವ ಪೈಪ್ ಎಲ್ಲಿಗೆ ಹೋಗುತ್ತೆ ಗೊತ್ತಾಗ್ದೆ ಇದ್ರೆ ಏನ್ ಮಾಡ್ತಿದ್ವಿ ಗೊತ್ತಾ? ವಾಲ್ವ್ ಮುಚ್ಚಿಬಿಡೋದು. ಯಾರು ಕಿರಿಚ್ತಾರೋ ಅವರದ್ದು."

ಟಾರ್ಚ್ ಹಿಡಿದು ಮೆಟ್ಟಿಲ ಕೆಳಗಿನ ಗೂಡಿಗೆ ಹೋದೆ. ಬಿಲ್ಲಿನಲ್ಲಿರೋ ನಂಬರಿನ ಮೀಟರ್ ಹುಡುಕಿ, ಅದರ ಪಕ್ಕದ ಸ್ವಿಚ್ಚು ಎಳೆದೆ. ನಮ್ಮ ರೇಡಿಯೋ ಮೇಲೆ ಹಾಡ್ತಾನೇ ಇತ್ತು.

"ಯಾವ ಮುಠ್ಠಾಳ ಅದು ಕರೆಂಟ್ ತೆಗೆದಿದ್ದು!"

ನೆಟ್ಟಾ.

ಸ್ವಿಚ್ಚು ವಾಪಸ್ ಹಾಕಿದೆ. ವಸಂತದಲ್ಲಿ ಕಂಪನಿಯಿಂದ ಬಂದವನು ಒಂದೇ ದಿನ ಎರಡೂ ಮನೆಗೆ ಹೊಸ ಮೀಟರ್ ಹಾಕಿ, ನಂಬರ್ ಅದಲುಬದಲು ಬರೆದುಕೊಂಡು ಹೋಗಿದಾನೆ. ಅವಳ ಹೀಟರ್ ನಮ್ಮ ಖಾತೆಗೆ. ನಮ್ಮದು ಅವಳ ಖಾತೆಗೆ. ನಾನು ಒಂದೊಂದು ದೀಪ ಆರಿಸಿದಾಗಲೂ ಇಳಿದಿದ್ದು ಅವಳ ಬಿಲ್ಲು! ಮೇಲಿಂದ ನನಗೇ ಜಾಣತನದ ಪಾಠ!

ಅವಳನ್ನ ಎಳ್ಕೊಂಡು ಬಂದು ಎದುರಿಗೇ ಮತ್ತೆ ಸ್ವಿಚ್ಚು ಎಳೆದೆ. ಅವಳ ಮನೆ ಕತ್ತಲಾಯ್ತು. ಮುಖಾನೂ. ನಾನು ಸ್ವಿಚ್ಚು ವಾಪಸ್ ಹಾಕೋ ಹೊತ್ತಿಗೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. "ಗೆದ್ದೆಯಲ್ಲೇ!" ಅಂದ ಟ್ಯಾಮ್. ಹೌದು, ಖುಷಿಯಾಯ್ತು. ಸುಳ್ಳ್ಯಾಕೆ.

ಡಿಸೆಂಬರ್ 17

ನೆಲ ತಣ್ಣಗಿದೆ.

ಬೆಳಗ್ಗೆ ಹಾಸಿಗೆಯಿಂದ ಕಾಲಿಟ್ಟೆ — ಐಸು. ಹೀಟರ್ ಇದ್ರೂ ರೂಮು ಕಾಯ್ತಿಲ್ಲ. ಟ್ಯಾಮ್ ಮತ್ತೆ ಕೆಮ್ತಿದಾನೆ. ಕೆಳಗೆ ಹೋಗಿ ಬಾಗಿಲು ಬಡಿದೆ.

ನೆಟ್ಟಾ ಮನೆಯೊಳಗೇ ಕೋಟು, ಟೋಪಿ, ಕೈಗವಸು ಹಾಕ್ಕೊಂಡಿದ್ಲು. ತುಟಿ ನೀಲಿ. ಬಿಸ್ಕತ್ ಡಬ್ಬಿಯಿಂದ ದುಡ್ಡು ತುಂಬಿದ ಒಂದು ಕವರ್ ತೆಗೆದು ನನ್ನ ಕೈಗೆ ತುರುಕಿದ್ಲು. "ತಗೋ. ಸಾಲದೆ ಇದ್ರೆ ಆಮೇಲೆ ಕೊಡ್ತೀನಿ. ನಿನ್ನ ಋಣ ಬೇಡ ನಂಗೆ."

ಕವರ್ ಮೇಲೆ ಅವಳದೇ ಅಕ್ಷರ. *ನನ್ನನ್ನು ಮಣ್ಣು ಮಾಡಲು.*

ಹಿಂದೆ ಮುಂದೆ ಯಾರೂ ಇಲ್ಲ ಅವಳಿಗೆ. ಸಿಟ್ಟು ಬಂತು — ಅವಳ ಮೇಲಲ್ಲ.

"ಒಳಗಿಡೇ ಅದನ್ನ. ನಂಬರ್ ನೀನು ಬದಲಾಯಿಸಿದ್ಯಾ? ನಾನು ಬದಲಾಯಿಸಿದ್ನಾ? ಯಾರು ಬದಲಾಯಿಸಿದ್ರೋ ಅವರು ಕಟ್ತಾರೆ. ಮೊದ್ಲು ಹೀಟರ್ ಹಾಕು. ನನ್ನ ಗಂಡನ ಎದೆ ನಿನ್ನ ಸೂರಿನ ಮೇಲಿದೆ."

"ಕಟ್ಟೋದ್ಯಾರು?"

"ಅರ್ಧ ನಾವು. ಸೂರು ನಿಂದು, ನೆಲ ನಮ್ಮದು."

"ದಾನ ಬೇಡ."

"ದಾನ ಅಲ್ಲ ಕಣೇ ಮೂದೇವಿ, ಬಾಡಿಗೆ!"

ಹಾಕಿದ್ಲು.

ಜನವರಿ 7

ಕಂಪನಿಯ ಮಾತು ಕೇಳಬೇಕು. ಮೀಟರ್ ಸರಿ ಮಾಡ್ತಾರಂತೆ. ನಮ್ಮ ದುಡ್ಡು ವಾಪಸ್ ಕೊಡ್ತಾರಂತೆ. ಅಷ್ಟನ್ನೂ ನೆಟ್ಟಾ ಹತ್ರ ವಸೂಲಿ ಮಾಡ್ತಾರಂತೆ!

"ಆಗಲ್ಲ" ಅಂದೆ.

"ಇನ್ನೊಬ್ಬ ಗ್ರಾಹಕರ ವಿಷಯ ನಿಮ್ಮ ಹತ್ರ ಮಾತಾಡೋ ಹಾಗಿಲ್ಲ ಮೇಡಂ."

ನೆಟ್ಟಾ ಫೋನ್ ಕಿತ್ಕೊಂಡ್ಲು. "ಇನ್ನೊಬ್ಬ ಗ್ರಾಹಕಿ ಅವಳ ಮಂಚದ ಮೇಲೇ ಕೂತಿದಾಳೆ. ಈಗ ಮಾತಾಡು."

ಟ್ಯಾಮ್ ದಿಂಬಿಗೆ ಮುಖ ಒತ್ತಿ ನಕ್ಕ. ದೂರು ದಾಖಲಾಯ್ತು. ಇಬ್ಬರ ಸಹಿ. ಅವಳ ಬಾಕಿ ಮನ್ನಾ ಮಾಡೋವರೆಗೂ ನನ್ನ ದುಡ್ಡೂ ಮುಟ್ಟಲ್ಲ ಅಂತ ಬರೆದೆ. ಮುಟ್ಟಬೇಕು ಅಂತ ಕೈ ತುರಿಸ್ತಿದೆ, ನಿಜ.

ಫೆಬ್ರವರಿ 10

ಬಂತು ಕಾಗದ! ತಪ್ಪು ಅವರದ್ದೇ. ಹಳೇ ಬಾಕಿಗೆ ನೆಟ್ಟಾ ಒಂದು ಪೆನ್ನಿಯೂ ಕೊಡಬೇಕಿಲ್ಲ. ನಮ್ಮದು ನಮಗೆ. ಮೆಟ್ಟಿಲು ಎರಡೆರಡು ಹಾರಿ ಇಳಿದೆ, ಈ ಮಂಡೀಲಿ. ನೆಟ್ಟಾ ಮೂರು ಸಲ ಓದಿದ್ಲು. ಕವರ್ ವಾಪಸ್ ಡಬ್ಬಿಗೆ ಹಾಕಿ, "ಇನ್ನು ನಿಶ್ಚಿಂತೆಯಿಂದ ಸಾಯಬಹುದು" ಅಂದ್ಲು.

"ಸಾಯಿ, ಸಾಯಿ. ಏಪ್ರಿಲ್ ಕಳೀಲಿ. ಅಲ್ಲಿವರೆಗೂ ಟ್ಯಾಮ್‌ಗೆ ನೆಲ ಬೇಕು."

ಓವನ್ ಹೊತ್ತಿಸಿದೆ. ಸೇಬಿನ ಕಡುಬು, ಮೂರು ಜನಕ್ಕೆ.

ಮಾರ್ಚ್ 3, ಬೆಳಗ್ಗೆ

ನೆಲ ತಣ್ಣಗಿದೆ.

ಗೊತ್ತಾಯ್ತು. ನಿನ್ನೆ ಅವಳ ನಿಜವಾದ ಡೈರೆಕ್ಟ್ ಡೆಬಿಟ್ ಹೋಗಿರುತ್ತೆ, ಮೊದಲನೇ ಸಲ. ಅವಳೇ ಉರಿಸಿದ್ದಕ್ಕೆ. ನೋಡಿ ಎದೆ ಒಡೆದಿರುತ್ತೆ. ನಮ್ಮ ಅರ್ಧ ಕೇಳೋಕೆ ನಾಚಿಕೆ. ಆಫ್ ಮಾಡಿ, ಟೋಪಿ ಹಾಕ್ಕೊಂಡು ಕೂತಿರ್ತಾಳೆ, ಹಟಮಾರಿ ಮುಂಡೇದು.

ಟ್ಯಾಮ್ ಇನ್ನೂ ಎದ್ದಿಲ್ಲ. ಸೂಪ್ ಬಿಸಿ ಮಾಡಿದೀನಿ. ಅರ್ಧದ ದುಡ್ಡು ಏಪ್ರನ್ ಜೇಬಲ್ಲಿದೆ. ಬಾಗಿಲು ತೆಗೀಲಿಲ್ಲ ಅಂದ್ರೆ ಕೆಳಗಿನ ಸ್ವಿಚ್ಚು ನಂಗೆ ಗೊತ್ತು. ತೆಗೆದ್ರೆ ಸರಿ, ತೆಗೀದೆ ಇದ್ರೆ ಎಳೀತೀನಿ, ಕಿರಿಚ್ಕೊಂಡಾದ್ರೂ ಹೊರಗೆ ಬರ್ತಾಳೆ.